ಗಜನಿ ಮಣ್ಣಿನ ಮೇಲೆ ಕಟ್ಟುವ ಮೊದಲು: ಮೂರು ಬಾಟಲಿಯಲ್ಲಿ ಜೇಡಿಯ ಗುಣ ತಿಳಿಯುವ ಕ್ರಮ

ಮಳೆಗಾಲದಲ್ಲಿ ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿ ಸದಾಶಿವಗಡದ ಬುಡದಲ್ಲಿ ಕೆಂಪಗೆ ಹರಿಯುತ್ತದೆ. ಆ ಬಣ್ಣ ಕೊಡುವ ಜೇಡಿಕಣ ಎಷ್ಟು ಸಣ್ಣದೆಂದರೆ ಸಿಹಿನೀರಿನಲ್ಲಿ ದಿನಗಟ್ಟಲೆ ತಳ ಕಾಣುವುದಿಲ್ಲ. ಅದೇ ಕಣ ಅಳಿವೆಯಲ್ಲಿ ಉಪ್ಪುನೀರು ಸೋಕುತ್ತಲೇ ಒಂದಕ್ಕೊಂದು ಅಂಟಿಕೊಂಡು, ಹಿಂಜಿದ ಹತ್ತಿಯಂಥ ಉಂಡೆಯಾಗಿ ಕೆಳಗಿಳಿಯುತ್ತದೆ. ಬಾವಿಯ ಕದಡಿದ ನೀರಿಗೆ ಪಟಿಕ ತಿರುಗಿಸಿದಾಗ ಆಗುವುದೂ ಇದೇ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಳಿವೆಗಳ ಗಜನಿ ಭೂಮಿ ಹೀಗೆ ಇಳಿದ ಜೇಡಿಯಿಂದಲೇ ಆದದ್ದು. ಕಗ್ಗ ಭತ್ತ ಬೆಳೆಯುವ ನೆಲ ಅದು. ಈಗ ಅದರ ಅಂಚಿಗೆ ಕೆಂಪು ಮಣ್ಣು ಸುರಿದು ಮನೆ, ಗೋದಾಮು, ಕಾಂಪೌಂಡ್ ಕಟ್ಟುವುದು ಹೆಚ್ಚಾಗಿದೆ.

ಹೀಗೆ ಕಟ್ಟುವವರು ಸಾಮಾನ್ಯವಾಗಿ ಕೇಳುವುದು "ಮಣ್ಣು ಎಷ್ಟು ಭಾರ ತಡೆಯುತ್ತದೆ?" ಎಂದು. ಅದರ ಜೊತೆಗೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ: "ಈ ಮಣ್ಣಿನೊಳಗಿನ ನೀರು ಯಾವುದು, ನಾಳೆ ಅದು ಬದಲಾದರೆ ಏನಾಗುತ್ತದೆ?" ಜೇಡಿ ಕುಗ್ಗುವುದು, ಉಬ್ಬುವುದು ಎರಡೂ ಮೇಲಿನ ತೂಕದಷ್ಟೇ ಒಳಗಿನ ನೀರಿನ ಉಪ್ಪಿನ ಮೇಲೂ ನಿಂತಿದೆ. ನಿವೇಶನ ಕೊಳ್ಳುವವರು, ಮೇಸ್ತ್ರಿಗಳು, ಸಿವಿಲ್ ಡಿಪ್ಲೊಮಾ ಓದುವವರು ಕಡಿಮೆ ಖರ್ಚಿನಲ್ಲಿ ಇದನ್ನು ಕಣ್ಣಾರೆ ಕಾಣುವ ಕ್ರಮ ಮುಂದಿದೆ. ಲ್ಯಾಬಿಗೆ ಹೋದಾಗ ಏನು ಕೇಳಬೇಕು ಎಂಬುದೂ ಇದೆ.

ಹಾಳೆಯ ಮೇಲಿನ ವಿದ್ಯುತ್ತು

ಜೇಡಿಕಣ ಗುಂಡಗಿಲ್ಲ, ಹಾಳೆಯಂತಿದೆ. ಮರಳಿನ ಕಣವನ್ನು ಆಳುವುದು ಅದರ ತೂಕ. ಜೇಡಿಯ ಹಾಳೆಗೆ ತೂಕ ಲೆಕ್ಕಕ್ಕೇ ಇಲ್ಲ, ಮೇಲ್ಮೈಯೇ ಎಲ್ಲ. ಉಬ್ಬದ ಜೇಡಿ ಖನಿಜವಾದ ಕೇಯೊಲಿನೈಟಿನ ಒಂದು ಗ್ರಾಂ ಮೇಲ್ಮೈ 10ರಿಂದ 20 ಚದರ ಮೀಟರ್. ಉಬ್ಬುವ ಜೇಡಿ ಖನಿಜವಾದ ಮಾಂಟ್‌ಮೊರಿಲೊನೈಟಿನ ಒಂದು ಗ್ರಾಂನದು ಸುಮಾರು 800 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಎಂಟು ಗುಂಟೆ. ನಮ್ಮ ಚಿರೆಕಲ್ಲಿನ ಕೆಂಪು ಮಣ್ಣು, ಅದರಡಿಯ ಬಿಳಿ-ಗುಲಾಬಿ ಶೇಡಿ ಮಣ್ಣು ಮೊದಲನೆಯ ಜಾತಿ. ಮುಂಡಗೋಡ ದಾಟಿ ಹುಬ್ಬಳ್ಳಿ ಕಡೆ ಸಿಗುವ ಎರೆಮಣ್ಣು ಎರಡನೆಯದು. ಗಜನಿಯಲ್ಲಿ ಇವುಗಳ ಬೆರಕೆ ಜಾಗದಿಂದ ಜಾಗಕ್ಕೆ ಬೇರೆಯಾಗಿರುತ್ತದೆ, ಆದ್ದರಿಂದಲೇ ಪರೀಕ್ಷೆ ಬೇಕು.

ಹರಳು ಕಟ್ಟುವಾಗ ಸಿಲಿಕಾನ್ ಕೂರಬೇಕಾದ ಕೆಲವು ಕಡೆ ಅಲ್ಯುಮಿನಿಯಂ, ಅಲ್ಯುಮಿನಿಯಂ ಕೂರಬೇಕಾದ ಕಡೆ ಮೆಗ್ನೀಸಿಯಂ ಕೂತುಬಿಟ್ಟಿರುತ್ತದೆ. ಪ್ರತಿ ಸಲವೂ ಒಂದು ಧನ ವಿದ್ಯುದಂಶ ಕಡಿಮೆ ಬೀಳುತ್ತದೆ. ಹಾಳೆಯ ಮುಖ ಋಣವಾಗಿಯೇ ಉಳಿಯುತ್ತದೆ. ಅದನ್ನು ಸರಿದೂಗಿಸಲು ನೀರಿನಲ್ಲಿರುವ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಹಾಳೆಯ ಸುತ್ತ ಮುತ್ತಿಕೊಳ್ಳುತ್ತವೆ. ಎಂಜಿನಿಯರುಗಳು ಡಬಲ್ ಲೇಯರ್ ಎನ್ನುವುದು ಇದಕ್ಕೆ; ಇಲ್ಲಿ ಹೊದಿಕೆ ಎನ್ನೋಣ. ಎರಡು ಹಾಳೆಗಳ ಹೊದಿಕೆಗಳು ಎದುರಾದಾಗ ಅವು ಒಂದನ್ನೊಂದು ತಳ್ಳುತ್ತವೆ. ಉಬ್ಬುವ ಬಲದ ಬಹುಪಾಲು ಈ ತಳ್ಳಾಟವೇ.

ಹೊದಿಕೆಯ ದಪ್ಪ ಮುಖ್ಯವಾಗಿ ಮೂರು ಸಂಗತಿಗಳ ಮೇಲೆ ನಿಂತಿದೆ: ನೀರಿನಲ್ಲಿ ಉಪ್ಪೆಷ್ಟು, ಅಯಾನಿನ ಮೇಲೆ ವಿದ್ಯುದಂಶ ಒಂದೋ ಎರಡೋ ಮೂರೋ, ಮತ್ತು ದ್ರವವೇ ಯಾವುದು. ಸಮುದ್ರದ ನೀರಿನಲ್ಲಿ ಹೊದಿಕೆ ಸುಮಾರು 0.4 ನ್ಯಾನೊಮೀಟರ್. ಲೀಟರಿಗೆ 60 ಮಿಲಿಗ್ರಾಂ ಅಡುಗೆ ಉಪ್ಪಿರುವ ಸಿಹಿನೀರಿನಲ್ಲಿ ಸುಮಾರು 10 ನ್ಯಾನೊಮೀಟರ್. ಮಾಂಟ್‌ಮೊರಿಲೊನೈಟಿನ ಹಾಳೆಯ ದಪ್ಪವೇ 1 ನ್ಯಾನೊಮೀಟರ್ ಆಸುಪಾಸು ಎಂಬುದನ್ನು ನೆನಪಿಟ್ಟರೆ, ಉಪ್ಪು ತೊಳೆದುಹೋದಾಗ ಅದು ಎಷ್ಟು ಜಾಗ ಕೇಳುತ್ತದೆಂದು ಅಂದಾಜಾಗುತ್ತದೆ. ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ಬಂದರೆ ಹೊದಿಕೆ ತೆಳುವಾಗುತ್ತದೆ. ಅಲ್ಯುಮಿನಿಯಂ ಬಂದರೆ ಇನ್ನೂ ತೆಳುವು. ಪಟಿಕದ ಕೆಲಸದ ಹಿಂದಿರುವುದೂ ಅಲ್ಯುಮಿನಿಯಂ.

ತಳ್ಳುವ ಬಲಕ್ಕೆ ಎದುರಾಗಿ ಎಳೆಯುವ ಬಲವೂ ಇದೆ. ವಾನ್ ಡರ್ ವಾಲ್ಸ್ ಆಕರ್ಷಣೆ ತೀರ ಹತ್ತಿರದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಉಪ್ಪಿಗೆ ಅಷ್ಟಾಗಿ ಬಗ್ಗುವುದಿಲ್ಲ. ಕೇಯೊಲಿನೈಟಿನಲ್ಲಿ ಇನ್ನೊಂದು ಇದೆ. ಹುಳಿಗುಣದ ನೀರಿನಲ್ಲಿ ಹಾಳೆಯ ಅಂಚು ಧನವಾಗಿ, ಪಕ್ಕದ ಹಾಳೆಯ ಋಣ ಮುಖಕ್ಕೆ ಅಂಟಿಕೊಂಡು, ಇಸ್ಪೀಟೆಲೆ ನಿಲ್ಲಿಸಿ ಕಟ್ಟಿದ ಮನೆಯಂತೆ ಟೊಳ್ಳು ರಚನೆ ಮಾಡುತ್ತದೆ.

ಮಣ್ಣಿನ ಎಲುಬಿನ ಮೇಲೆ ಬೀಳುವ ಒತ್ತಡವೆಂದರೆ ಒಟ್ಟು ಒತ್ತಡದಲ್ಲಿ ನೀರಿನ ಒತ್ತಡ ಕಳೆದದ್ದು ಎಂದು 1925ರಲ್ಲಿ ಕಾರ್ಲ್ ಟೆರ್ಜಾಗಿ ತೋರಿಸಿಕೊಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಶ್ರೀಧರನ್ ಮತ್ತು ವೆಂಕಟಪ್ಪ ರಾವ್ 1973ರಲ್ಲಿ ಆ ಲೆಕ್ಕಕ್ಕೆ ಎಳೆಯುವ ಬಲವನ್ನು ಕೂಡಿಸಿ, ತಳ್ಳುವ ಬಲವನ್ನು ಕಳೆದರು. ಅವರ ಕೆಲಸದಿಂದ ನಮಗೆ ಬೇಕಾದ ಮಾತು ಇಷ್ಟು: ಕೇಯೊಲಿನೈಟ್ ಕುಗ್ಗದಂತೆ ಹಿಡಿಯುವುದು ಕಣ-ಕಣದ ನಡುವಿನ ಹಿಡಿತ, ಮಾಂಟ್‌ಮೊರಿಲೊನೈಟ್ ಕುಗ್ಗದಂತೆ ಹಿಡಿಯುವುದು ಹೊದಿಕೆಗಳ ತಳ್ಳಾಟ. ಆದ್ದರಿಂದ ಒಂದೇ ಬದಲಾವಣೆಗೆ ಇವೆರಡು ಎದುರುಬದುರಾಗಿ ವರ್ತಿಸಬಹುದು. ಉಪ್ಪು ತೊಳೆದರೆ ಎರಡನೆಯದು ಉಬ್ಬುತ್ತದೆ. ಮೊದಲನೆಯದರಲ್ಲಿ ಹಿಡಿತ ಸಡಿಲವಾದರೆ ಅದು ಕುಸಿಯುತ್ತದೆ. ಜಾತಿ ತಿಳಿಯದೆ ಮದ್ದು ಹಾಕಬಾರದು.

ಹಂತ 1: ಮಣ್ಣು ತೆಗೆಯುವುದು

ಮೇ ಕೊನೆಯಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ತೆಗೆಯುವುದು ಉತ್ತಮ. ಗಜನಿಯ ಮೇಲ್ಪದರ ಬೇಸಿಗೆಯಲ್ಲಿ ಉಪ್ಪು, ಮಳೆಗಾಲದಲ್ಲಿ ಸಪ್ಪೆ. ಒಂದೇ ಸಲ ಆಗುವುದಿದ್ದರೆ ಮೇ ತಿಂಗಳೇ ಸರಿ.

ಮೇಲಿನ 30 ಸೆಂ.ಮೀ. ಬೇರು-ಹುಲ್ಲಿನ ಮಣ್ಣು ತೆಗೆದುಹಾಕಿ. ಕೈ ಆಗರಿನಿಂದ (ಮಣ್ಣು ಕೊರೆಯುವ ತಿರುಪಿನಿಂದ) 0.5, 1, 2, 3 ಮೀಟರ್ ಆಳದಲ್ಲಿ ತಲಾ ಎರಡು ಕಿಲೊ ತೆಗೆಯಿರಿ. ಕೆದಕಿದ ಬಾಯಲ್ಲಿ ಸುತ್ತಲಿನ ಮಣ್ಣು ಬೀಳದಂತೆ ನೋಡಿ. ಮೇಲೆ ಸುರಿದ ಕೆಂಪು ಮಣ್ಣು ಒಂದು ಹಿಡಿ ಸೇರಿದರೂ ಫಲಿತಾಂಶ ಕೆಡುತ್ತದೆ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಕಟ್ಟಿ ನೆರಳಲ್ಲಿಡಿ. ಗುಂಡಿಯಲ್ಲಿ ಒಸರಿದ ನೀರನ್ನು ಒಂದು ಲೀಟರ್ ಬಾಟಲಿಯಲ್ಲಿ ಬೇರೆ ತುಂಬಿಡಿ. ಈ ಬಾಟಲಿಯನ್ನು ಹೆಚ್ಚಿನವರು ಮರೆಯುತ್ತಾರೆ. ಅದಿಲ್ಲದೆ ಮುಂದಿನ ಅರ್ಧ ಪರೀಕ್ಷೆಗೆ ಅರ್ಥವಿಲ್ಲ.

ತೆಗೆದ ಮಣ್ಣನ್ನು ಅಂಗಳದಲ್ಲಿ ಹರವಿ ಒಣಗಿಸಬೇಡಿ. ಒಣಗಿದ ಅಳಿವೆ ಜೇಡಿಯ ಕಣಗಳು ಗಂಟುಕಟ್ಟಿಕೊಳ್ಳುತ್ತವೆ, ಮತ್ತೆ ನೆನೆಸಿದರೆ ಮೊದಲಿನಂತೆ ಬಿಚ್ಚಿಕೊಳ್ಳುವುದಿಲ್ಲ. ಲಿಕ್ವಿಡ್ ಲಿಮಿಟ್ (ಮಣ್ಣು ದ್ರವದಂತೆ ಹರಿಯತೊಡಗುವ ತೇವದ ಅಂಕಿ) ಕಡಿಮೆ ಬರುತ್ತದೆ, ಮಣ್ಣು ಇದ್ದದ್ದಕ್ಕಿಂತ ಒಳ್ಳೆಯದೆಂದು ಕಾಣುತ್ತದೆ.

ಹಂತ 2: ಕೈ ಮತ್ತು ಮೂಗು

ಹಸಿ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಪಟ್ಟಿ ಎಳೆಯಿರಿ. 5 ಸೆಂ.ಮೀ. ಮೀರಿ ತುಂಡಾಗದೆ ಬಂದರೆ ಜೇಡಿಯ ಪಾಲು ಹೆಚ್ಚು. ಉಗುರಿನಿಂದ ಸವರಿದಾಗ ಎಣ್ಣೆ ಹಚ್ಚಿದಂತೆ ಹೊಳೆದರೆ ಜಿಗುಟು ಜಾತಿ. ಮಂಕಾಗಿ, ಕೈಗೆ ಹಿಟ್ಟಿನಂತೆ ಹತ್ತಿದರೆ ಕೇಯೊಲಿನೈಟ್ ಅಥವಾ ಹೂಳು. ಗೋಡೆಗೆ ಬಳಿಯುವ ಶೇಡಿ ಒಣಗಿದ ಮೇಲೆ ಬೆರಳಿಗೆ ಬಿಳಿಪುಡಿಯಾಗಿ ಬರುತ್ತದಲ್ಲ, ಆ ಸ್ಪರ್ಶ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ನಿಲ್ಲಿ. ಅದು ಕಾಂಡ್ಲಾದ (ಮ್ಯಾಂಗ್ರೋವ್) ಬೇರಿನಡಿಯ ಸಲ್ಫೈಡ್ ಕೆಸರು. ನೀರಿನಡಿ ಇರುವವರೆಗೆ ತೊಂದರೆ ಕೊಡುವುದಿಲ್ಲ. ಅಗೆದು ಗಾಳಿಗಿಟ್ಟರೆ ಗಂಧಕಾಮ್ಲವಾಗಿ ಪಿಎಚ್ 4ಕ್ಕಿಂತ ಕೆಳಗೆ ಇಳಿಯಬಹುದು, ಕಾಂಕ್ರೀಟು ಮತ್ತು ಕಬ್ಬಿಣ ಎರಡನ್ನೂ ತಿನ್ನುತ್ತದೆ. ಇದರ ಒಂದು ಮುಷ್ಟಿಯನ್ನು ಒಂದು ತಿಂಗಳು ತೇವವಾಗಿ, ಗಾಳಿ ಆಡುವಂತೆ ಇಟ್ಟು, ಮೊದಲು ಮತ್ತು ಕೊನೆಗೆ ಪಿಎಚ್ ಪಟ್ಟಿ ಅದ್ದಿ ನೋಡಿ.

ಹಂತ 3: ಮೂರು ಬಾಟಲಿ

ಇದು ಇಡೀ ಕ್ರಮದ ತಿರುಳು. ಇದರ ಮೂಲ ಭಾರತೀಯ ಮಾನಕ 2720ರ 40ನೇ ಭಾಗದ ಫ್ರೀ ಸ್ವೆಲ್ ಪರೀಕ್ಷೆ, ಅಂದರೆ ಮಣ್ಣು ತಡೆಯಿಲ್ಲದೆ ಎಷ್ಟು ಉಬ್ಬುತ್ತದೆಂದು ನೋಡುವುದು. ಅದರಲ್ಲಿ ಇರುವುದು ನೀರು ಮತ್ತು ಸೀಮೆಎಣ್ಣೆ ಎಂಬ ಎರಡು ದ್ರವ. ಕರಾವಳಿಗಾಗಿ ಮೂರನೆಯದಾಗಿ ಉಪ್ಪುನೀರು ಸೇರಿಸಿಕೊಳ್ಳಬೇಕು.

ಬೇಕಾದದ್ದು: 100 ಮಿ.ಲೀ. ಗಾಜಿನ ಅಳತೆ ಸಿಲಿಂಡರ್ ಮೂರು, 0.1 ಗ್ರಾಂವರೆಗೆ ತೋರುವ ತಕ್ಕಡಿ, 425 ಮೈಕ್ರಾನ್ ಜರಡಿ (ಇಲ್ಲದಿದ್ದರೆ ಹಿಟ್ಟು ಜಾಲಿಸುವ ತೀರ ಸಣ್ಣ ಜರಡಿ ಅಂದಾಜಿಗೆ ಸಾಕು), ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಅಥವಾ ಹೆಂಚಿಗೆ ತಾಗದಂತೆ ಪಾತ್ರೆಯಲ್ಲಿ ನೇರ ಹಿಡಿದ ಮಳೆನೀರು, ಚಿಮಣಿ ಎಣ್ಣೆ (ಸೀಮೆಎಣ್ಣೆ), ಉಪ್ಪು. ಉಪ್ಪಿಗೆ ಸಾಣಿಕಟ್ಟಾದ ಹರಳುಪ್ಪು ಒಳ್ಳೆಯದು. ಅದರಲ್ಲಿ ಸಮುದ್ರದ ಮೆಗ್ನೀಸಿಯಂ, ಕ್ಯಾಲ್ಸಿಯಂ ಸ್ವಲ್ಪ ಉಳಿದಿರುತ್ತದೆ, ಅಳಿವೆ ನೀರಿಗೆ ಹತ್ತಿರ. ಲೀಟರಿಗೆ 35 ಗ್ರಾಂ ಕರಗಿಸಿ ಬಟ್ಟೆಯಲ್ಲಿ ಸೋಸಿ.

ಮಾನಕದಂತೆ ಒಲೆಯಲ್ಲಿ 105–110 ಡಿಗ್ರಿಯಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದ ಮಣ್ಣನ್ನು ತಲಾ 10 ಗ್ರಾಂ ತೂಗಿ. ಒಂದರಲ್ಲಿ ಸಿಹಿನೀರು, ಒಂದರಲ್ಲಿ ಉಪ್ಪುನೀರು, ಒಂದರಲ್ಲಿ ಚಿಮಣಿ ಎಣ್ಣೆ 100 ಮಿ.ಲೀ. ಗೆರೆಯವರೆಗೆ. ಗಾಜಿನ ಕಡ್ಡಿಯಿಂದ ಮೆಲ್ಲಗೆ ಕಲಕಿ ಗಾಳಿಗುಳ್ಳೆ ಬಿಡಿಸಿ. ಅಲುಗದ ಕಡೆ 24 ಗಂಟೆ ಇಡಿ. ಎರಡೇ ಗಂಟೆಗೆ ಓದಿದ ಅಂಕಿ ಅಂಕಿಯಲ್ಲ. ಜಿಗುಟು ಜೇಡಿ ಮರುದಿನವೂ ಏರುತ್ತಿರುತ್ತದೆ. ಮಟ್ಟ ನಿಂತಿತೆಂದು ಎರಡು ಓದಿನಲ್ಲಿ ಖಾತ್ರಿಯಾದ ಮೇಲೆ ಬರೆದುಕೊಳ್ಳಿ.

ಗಜನಿ ಮಣ್ಣಿಗೆ ಇಲ್ಲಿ ಒಂದು ತೊಡಕಿದೆ. ಮಣ್ಣು ಒಣಗಿದರೂ ಉಪ್ಪು ಅದರಲ್ಲೇ ಇರುತ್ತದೆ. ಒಣತೂಕದ ಶೇ. 80 ನೀರಿದ್ದ ಜೇಡಿಯ 10 ಗ್ರಾಂ ಒಣತೂಕದಲ್ಲಿ 8 ಗ್ರಾಂ ಸಮುದ್ರದ ನೀರಿನ ಉಪ್ಪು, ಅಂದರೆ 0.28 ಗ್ರಾಂ ಇದೆ. ಅದನ್ನು 100 ಮಿ.ಲೀ. ಮಳೆನೀರಿಗೆ ಹಾಕಿದರೆ ಲೀಟರಿಗೆ 2.8 ಗ್ರಾಂ ಆಯಿತು. ಸಿಹಿನೀರಿನ ಬಾಟಲಿ ಎಂದು ಚೀಟಿ ಅಂಟಿಸಿದ್ದು ಸಿಹಿಯಾಗಿಲ್ಲ. ಆದ್ದರಿಂದ ಮಣ್ಣು ತಳ ಸೇರಿದ ಮೇಲೆ ಮೇಲಿನ 75 ಮಿ.ಲೀ. ನೀರನ್ನು ಸಣ್ಣ ಕೊಳವೆಯಿಂದ ಎಳೆದು ತೆಗೆದು, ಹೊಸ ಮಳೆನೀರು ತುಂಬಿ, ಕಲಕಿ ಬಿಡಿ. ಮೂರು ಸಲ ಹೀಗೆ ಮಾಡಿದರೆ ಉಪ್ಪು ಲೀಟರಿಗೆ 0.05 ಗ್ರಾಂಗಿಂತ ಕೆಳಗೆ ಬರುತ್ತದೆ.

ಈ ತೊಳೆಯುವ ಹೊತ್ತಿನಲ್ಲಿ ಬಾಟಲಿಯ ಮುಂದೆ ಕೂತು ನೋಡಿ. ಮೊದಲ ಸಲ ಮೇಲಿನ ನೀರು ಬೇಗನೆ ತಿಳಿಯಾಗುತ್ತದೆ; ಕೆಳಗೆ ಜೇಡಿ ಮೊಸರು ಒಡೆದಂತೆ ಉಂಡೆ ಉಂಡೆಯಾಗಿ ಕೂರುವುದು ಕಾಣುತ್ತದೆ. ಎರಡನೆಯ ಸಲ ತಡವಾಗುತ್ತದೆ. ಮೂರನೆಯ ಸಲ ಕೆಲವು ಮಣ್ಣು ಇಳಿಯುವುದೇ ಇಲ್ಲ. ನೀರು ಚಹಾದ ಬಣ್ಣಕ್ಕೆ ನಿಂತುಬಿಡುತ್ತದೆ, ತಳದಲ್ಲಿ ಮಟ್ಟದ ಗೆರೆಯೇ ಸಿಗುವುದಿಲ್ಲ. ಹೊದಿಕೆ ದಪ್ಪವಾಗಿ, ಕಣಗಳು ಒಂದನ್ನೊಂದು ದೂರ ತಳ್ಳಿದ ಗಳಿಗೆ ಅದು. ನಿಮ್ಮ ಜಾಗಕ್ಕೆ ಉಬ್ಬರದ ನೀರು ನಿಂತು, ವರ್ಷಕ್ಕೆ 3000 ಮಿ.ಮೀ. ಆಸುಪಾಸಿನ ಮಳೆ ಮಾತ್ರ ಇಳಿಯತೊಡಗಿದರೆ ಮೇಲ್ಪದರದಲ್ಲಿ ಆಗುವುದು ಇದೇ. ಎಷ್ಟನೆಯ ತೊಳೆತದಲ್ಲಿ ಕದಡು ನಿಂತಿತು ಎಂದು ತಪ್ಪದೆ ಬರೆದಿಡಿ. ಹೀಗೆ ಕದಡು ನಿಂತ ಮಣ್ಣನ್ನು ಮತ್ತೆ ತೊಳೆಯಬೇಡಿ. ಎಳೆಯುವ ನೀರಿನೊಂದಿಗೆ ಜೇಡಿಯೇ ಹೋಗುತ್ತದೆ.

ಓದುವ ರೀತಿ ಹೀಗೆ. ಸಿಹಿನೀರಿನ ಗಾತ್ರದಿಂದ ಎಣ್ಣೆಯ ಗಾತ್ರ ಕಳೆದು, ಎಣ್ಣೆಯ ಗಾತ್ರದಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಫ್ರೀ ಸ್ವೆಲ್ ಇಂಡೆಕ್ಸ್. ನೀರಿನಲ್ಲಿ 24, ಎಣ್ಣೆಯಲ್ಲಿ 12 ಮಿ.ಲೀ. ಬಂದರೆ ಶೇ. 100. ಮಾನಕ 1498ರ ಪ್ರಕಾರ 50ರ ಕೆಳಗೆ ಉಬ್ಬು ಕಡಿಮೆ, 50–100 ಮಧ್ಯಮ, 100–200 ಹೆಚ್ಚು, 200ರ ಮೇಲೆ ಅತಿ ಹೆಚ್ಚು.

ಚಿರೆಕಲ್ಲಿನ ಮಣ್ಣಿಗೆ, ಶೇಡಿಗೆ ಈ ಲೆಕ್ಕ ಹಾಕಿದರೆ ಎಷ್ಟೋ ಸಲ ಋಣ ಅಂಕಿ ಬರುತ್ತದೆ: ನೀರಿನಲ್ಲಿ 13, ಎಣ್ಣೆಯಲ್ಲಿ 16. ತಪ್ಪಾಯಿತೆಂದು ಸೊನ್ನೆ ಬರೆದು ಮುಗಿಸುವವರಿದ್ದಾರೆ. ಅದು ತಪ್ಪಲ್ಲ, ಖನಿಜ ತನ್ನ ಗುರುತು ಹೇಳುತ್ತಿದೆ. ನೀರಿನ ಡೈಎಲೆಕ್ಟ್ರಿಕ್ ಅಂಕ (ವಿದ್ಯುದಂಶಗಳ ನಡುವಿನ ಸೆಳೆತವನ್ನು ದ್ರವ ಎಷ್ಟು ತಗ್ಗಿಸುತ್ತದೆ ಎಂಬ ಅಂಕಿ) ಸುಮಾರು 80, ಸೀಮೆಎಣ್ಣೆಯದು ಸುಮಾರು 2. ಎಣ್ಣೆಯಲ್ಲಿ ಹೊದಿಕೆ ಬೆಳೆಯುವುದೇ ಇಲ್ಲ, ತಳ್ಳುವ ಬಲ ಇಲ್ಲ, ಎಳೆತ ಮಾತ್ರ ಉಳಿಯುತ್ತದೆ. ಕೇಯೊಲಿನೈಟ್ ಕಣಗಳು ಅಡ್ಡಾದಿಡ್ಡಿ ಅಂಟಿಕೊಂಡು ಟೊಳ್ಳಾಗಿ ಕೂರುತ್ತವೆ, ಗಾತ್ರ ಹೆಚ್ಚು ಕಾಣುತ್ತದೆ. ಈ ಕಾರಣಕ್ಕೇ ಶ್ರೀಧರನ್ ಮತ್ತು ಕೆ. ಪ್ರಕಾಶ್ 2000ದಲ್ಲಿ ಕಳೆಯುವುದನ್ನು ಬಿಟ್ಟು ನೀರಿನ ಗಾತ್ರವನ್ನು ಎಣ್ಣೆಯ ಗಾತ್ರದಿಂದ ನೇರ ಭಾಗಿಸುವ ಫ್ರೀ ಸ್ವೆಲ್ ರೇಶಿಯೊ ಸೂಚಿಸಿದರು. 1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಉಬ್ಬದ ಕೇಯೊಲಿನೈಟ್ ಜಾತಿ, 1ರಿಂದ 1.5 ಬೆರಕೆ, ಉಬ್ಬು ಕಡಿಮೆ, 1.5ರಿಂದ 2 ಮಧ್ಯಮ. 2ರಿಂದ 4 ಹೆಚ್ಚು. 4ರ ಮೇಲೆ ಅತಿ ಹೆಚ್ಚು. ಮೇಲಿನ ಎರಡು ಉದಾಹರಣೆಗೆ 2.0 ಮತ್ತು 0.81. ನಮ್ಮ ಜಿಲ್ಲೆಯ ಮಣ್ಣಿಗೆ ಈ ಅನುಪಾತವೇ ಹೆಚ್ಚು ಹೊಂದುತ್ತದೆ.

ಈಗ ಉಪ್ಪುನೀರಿನ ಬಾಟಲಿ. ಸಿಹಿ ಮತ್ತು ಉಪ್ಪು ಎರಡರಲ್ಲೂ ಮಟ್ಟ ಹೆಚ್ಚುಕಡಿಮೆ ಒಂದೇ ಇದ್ದರೆ, ಮುಂದೆ ನೀರು ಬದಲಾದರೂ ಉಬ್ಬಿನ ಭಯ ಕಡಿಮೆ. ಉಪ್ಪಿನಲ್ಲಿ 14, ತೊಳೆದ ಸಿಹಿಯಲ್ಲಿ 22 ಬಂದರೆ, ಇವತ್ತು ಉಬ್ಬದೆ ಕೂತಿರುವ ನೆಲ ಉಪ್ಪಿನ ಬಲದಿಂದ ಕೂತಿದೆ ಎಂದರ್ಥ.

ತಪ್ಪಾಗುವ ಕಡೆಗಳು: ಬೋರ್‌ವೆಲ್ ನೀರು ಬಳಸಿದರೆ ಅದರ ಕ್ಯಾಲ್ಸಿಯಂ ಹೊದಿಕೆಯನ್ನು ಒತ್ತಿ ಉಬ್ಬನ್ನು ಮರೆಮಾಡುತ್ತದೆ. ಎಣ್ಣೆಗೆ ಹಾಕುವ ಮಣ್ಣು ಒಂದಿಷ್ಟೂ ತೇವವಿರಬಾರದು. ಒಲೆಯಲ್ಲಿ ಒಣಗಿಸಿದ್ದರಿಂದ ಉಬ್ಬು ಕಡಿಮೆ ಬಂತೇ ಎಂಬ ಸಂಶಯವಿದ್ದರೆ, ಸಿಹಿನೀರಿಗೆ ಮಾತ್ರ ಇನ್ನೊಂದು ಬಾಟಲಿಯಲ್ಲಿ ಹಸಿ ಮಣ್ಣು ಹಾಕಿ ನೋಡಿ, ಶೇ. 80 ನೀರಿದ್ದರೆ 18 ಗ್ರಾಂ ಹಸಿ ಮಣ್ಣು 10 ಗ್ರಾಂ ಒಣ ಮಣ್ಣಿಗೆ ಸಮ.

ಹಂತ 4: ಉಂಡೆ ಕರಗುವುದೇ, ಕದಡುವುದೇ

ತೆಗೆದಾಗ ಇದ್ದ ತೇವದಲ್ಲೇ 15 ಮಿ.ಮೀ. ಅಳತೆಯ ಉಂಡೆ ಮಾಡಿ ಬಿಳಿ ಬಟ್ಟಲಿನ 250 ಮಿ.ಲೀ. ಮಳೆನೀರಿನಲ್ಲಿ ಮೆಲ್ಲಗೆ ಬಿಡಿ. 2 ನಿಮಿಷ, 1 ಗಂಟೆ, 6 ಗಂಟೆಗೆ ನೋಡಿ. ಉಂಡೆ ಕುಸಿದು ಪುಡಿಯಾದರೂ ನೀರು ತಿಳಿಯಾಗಿದ್ದರೆ ಅದು ಗಾಳಿ ಹೊರಬಿದ್ದ ಕುಸಿತ, ವಿದ್ಯುತ್ ಬಲದ ಮಾತಲ್ಲ. ಉಂಡೆಯ ಸುತ್ತ ಹಾಲಿನಂಥ ಮೋಡ ಎದ್ದು ಬಟ್ಟಲಿನ ತಳವೆಲ್ಲ ಹರಡಿದರೆ ಮಣ್ಣು ತಾನಾಗಿ ಬಿಚ್ಚಿಕೊಳ್ಳುವ ಜಾತಿ. ಗಜನಿಯ ಒಡ್ಡಿಗೆ ಇಂಥ ಮಣ್ಣು ಬಳಸಿದರೆ ಬೇಸಿಗೆಯ ಬಿರುಕಿನಲ್ಲಿ ಮೊದಲ ಮಳೆಯ ಸಿಹಿನೀರು ಇಳಿದು, ಒಳಗೊಳಗೇ ಬೆರಳಗಾತ್ರದ ಬಿಲ ಕೊರೆದು, ಒಂದು ದಿನ ಒಡ್ಡು ಕುಳಿ ಬೀಳುತ್ತದೆ. ಹೊರಗಿನಿಂದ ಏಡಿ ಮಾಡಿದ ತೂತಿನಂತೆ ಕಾಣುತ್ತದೆ. ಒಡ್ಡನ್ನು 15–20 ಸೆಂ.ಮೀ. ಪದರಗಳಲ್ಲಿ, ಬಿರುಕು ಉಳಿಯದಷ್ಟು ತೇವದಲ್ಲಿ ದಮ್ಮಸು ಮಾಡಿ, ಹೊರಮೈಗೆ ಶೇ. 2ರಿಂದ 4 ಸುಣ್ಣ ಅಥವಾ ಜಿಪ್ಸಂ ಬೆರೆಸಿದ ಮಣ್ಣಿನ ಪದರ ಕೊಡಿ. ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ಕೂರಿಸುವುದೇ ಇಲ್ಲಿಯ ಉದ್ದೇಶ.

ಕೃಷಿ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಇಸಿ (ವಿದ್ಯುತ್ ವಾಹಕತೆ, ಉಪ್ಪಿನ ಅಳತೆ) ಮತ್ತು ವಿನಿಮಯ ಸೋಡಿಯಂ (ಜೇಡಿಗೆ ಅಂಟಿದ ಅಯಾನುಗಳಲ್ಲಿ ಸೋಡಿಯಂ ಪಾಲು) ಅಂಕಿ ಸಿಕ್ಕರೆ ಜೊತೆಗಿಟ್ಟುಕೊಳ್ಳಿ. ಇಸಿ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದ್ದರೆ ಉಪ್ಪು ಮಣ್ಣು. ವಿನಿಮಯ ಸೋಡಿಯಂ ಶೇ. 15 ದಾಟಿದ್ದರೆ ಸೋಡಿಯಂ ಮಣ್ಣು. ಎರಡೂ ಹೆಚ್ಚಿದ್ದಾಗ ನೆಲ ನೆಮ್ಮದಿಯಾಗಿ ಕೂತಿರುತ್ತದೆ. ಇಸಿ ಇಳಿದು ಸೋಡಿಯಂ ಮಾತ್ರ ಉಳಿದ ಕಾಲವೇ ಅಪಾಯದ್ದು.

ಹಂತ 5: ಎಷ್ಟು ಕೂರುತ್ತದೆ, ಎಷ್ಟು ವರ್ಷಕ್ಕೆ

ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ. 4 ಮೀ. ದಪ್ಪ ಗಜನಿ ಜೇಡಿ, ನೀರು ಶೇ. 80, ಲಿಕ್ವಿಡ್ ಲಿಮಿಟ್ 80, ಅದರ ಮೇಲೆ 1.5 ಮೀ. ಅಂದರೆ ಐದಡಿ ಕೆಂಪು ಮಣ್ಣು ಭರ್ತಿ. ಕಣದ ಸಾಪೇಕ್ಷ ಸಾಂದ್ರತೆ 2.65 ಹಿಡಿದರೆ ವಾಯ್ಡ್ ರೇಶಿಯೊ (ಕಣಗಳ ನಡುವಿನ ಜಾಗಕ್ಕೂ ಕಣದ ಗಾತ್ರಕ್ಕೂ ಇರುವ ಅನುಪಾತ) 2.12. ಜೇಡಿ ಎಷ್ಟು ಕುಗ್ಗಬಲ್ಲದು ಎಂದು ಹೇಳುವ ಕಂಪ್ರೆಶನ್ ಇಂಡೆಕ್ಸನ್ನು 0.009 × (80 − 10) = 0.63 ಎಂದು ಅಂದಾಜಿಸಬಹುದು. ಪದರದ ನಡುವೆ, 2 ಮೀ. ಆಳದಲ್ಲಿ ಈಗಿನ ಪರಿಣಾಮಕಾರಿ ಒತ್ತಡ (ಮಣ್ಣಿನ ಎಲುಬಿನ ಮೇಲಿನದು) ಸುಮಾರು 10.4 ಕಿಲೊಪಾಸ್ಕಲ್. ಭರ್ತಿ ಮಣ್ಣಿನದು 1.5 × 18 = 27 ಕಿಲೊಪಾಸ್ಕಲ್. 0.63ನ್ನು 3.12ರಿಂದ (1 + 2.12) ಭಾಗಿಸಿ, 4ರಿಂದ ಗುಣಿಸಿ, (37.4 ÷ 10.4)ರ ಲಾಗ್‌ನಿಂದ ಗುಣಿಸಿದರೆ 0.45 ಮೀ. ಬರುತ್ತದೆ. ಮನೆ ಕಟ್ಟುವ ಮೊದಲೇ, ಸುರಿದ ಮಣ್ಣಿನ ಭಾರಕ್ಕೇ ಒಂದೂವರೆ ಅಡಿ. ಆಮೇಲೆ ಮನೆ ಸರಾಸರಿ 10 ಕಿಲೊಪಾಸ್ಕಲ್ ಸೇರಿಸಿದರೆ ಇನ್ನೂ 8 ಸೆಂ.ಮೀ.

ಕಾಲ ಎಷ್ಟು? ಇಂಥ ಜೇಡಿಯ ಕನ್ಸಾಲಿಡೇಶನ್ ಗುಣಾಂಕ (ನೀರು ಹಿಂಡಿ ಕೂರುವ ವೇಗದ ಅಂಕಿ) ವರ್ಷಕ್ಕೆ 1 ಚದರ ಮೀ. ಎಂದು ಹಿಡಿದರೆ, ಮೇಲೆ ಮಾತ್ರ ನೀರು ಹೊರಬೀಳುವಲ್ಲಿ ಶೇ. 90 ಕೂರಲು 13–14 ವರ್ಷ. ಅಡಿಯಲ್ಲಿ ಮರಳಿದ್ದು ಎರಡೂ ಕಡೆ ಬಸಿಯುವುದಾದರೆ ಮೂರೂವರೆ ವರ್ಷ. ಒಂದು ಮಳೆಗಾಲ ಬಿಟ್ಟಿದ್ದೇವೆ, ಮಣ್ಣು ಕೂತಿದೆ ಎಂಬ ಮಾತು ಭರ್ತಿ ಮಣ್ಣಿಗೆ ಸರಿ, ಅದರಡಿಯ ಜೇಡಿಗೆ ಸರಿಯಲ್ಲ. ಚಿರೆಕಲ್ಲಿನ ಗೋಡೆ ಸಮನಾಗಿ ಇಳಿದರೆ ತಡೆದುಕೊಳ್ಳುತ್ತದೆ. ಒಂದು ತುದಿ ಇನ್ನೊಂದಕ್ಕಿಂತ ಹೆಚ್ಚು ಇಳಿದು ವ್ಯತ್ಯಾಸ 300ರಲ್ಲಿ ಒಂದು ಪಾಲಾದರೆ, ಅಂದರೆ 3 ಮೀಟರಿಗೆ 1 ಸೆಂ.ಮೀ., ಬಿರುಕು ಶುರು.

ಈ ಅಂದಾಜಿನ ಮೇಲೆ ದೊಡ್ಡ ಕಟ್ಟಡ ಕಟ್ಟುವಂತಿಲ್ಲ, ಲ್ಯಾಬಿನ ಓಡೊಮೀಟರ್ ಪರೀಕ್ಷೆ (ಮಾದರಿಯ ಮೇಲೆ ಭಾರ ಹೇರಿ ಎಷ್ಟು ಕುಗ್ಗುತ್ತದೆಂದು ಅಳೆಯುವುದು) ಬೇಕು. ಕೇಳಬೇಕಾದದ್ದು: ಕೆದಕದ ಮಾದರಿ, 60 ಮಿ.ಮೀ. ವ್ಯಾಸ, 20 ಮಿ.ಮೀ. ದಪ್ಪ, 10ರಿಂದ ಶುರುಮಾಡಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತ 400 ಕಿಲೊಪಾಸ್ಕಲ್‌ವರೆಗೆ, ಪ್ರತಿ ಹಂತ 24 ಗಂಟೆ. ಸೆಲ್ಲಿಗೆ ತುಂಬುವ ನೀರು ನಲ್ಲಿಯದ್ದಾಗಬಾರದು, ನೀವು ಗುಂಡಿಯಿಂದ ತಂದ ಬಾಟಲಿಯದ್ದೇ ಆಗಬೇಕು ಎಂದು ಬರೆದುಕೊಡಿ. ಅದೇ ಆಳದ ಇನ್ನೊಂದು ಮಾದರಿಯನ್ನು ಮನೆ ಹೊರುವ ಒತ್ತಡದಲ್ಲಿ ನಿಲ್ಲಿಸಿ, ಡಿಸ್ಟಿಲ್ಡ್ ನೀರು ಬದಲಿಸುತ್ತ ಹೋಗಿ ಡಯಲ್ ಯಾವ ಕಡೆ ಸರಿಯುತ್ತದೆ ನೋಡಲು ಹೇಳಿ. ವಾರಗಟ್ಟಲೆ ಹಿಡಿಯುವ ಕೆಲಸ, ಖರ್ಚೂ ಹೆಚ್ಚು. ಆದರೆ ಮೂರು ಬಾಟಲಿಯಲ್ಲಿ ಸಿಹಿ-ಉಪ್ಪಿನ ಅಂತರ ದೊಡ್ಡದಾಗಿ ಬಂದವರು ಇದನ್ನು ಬಿಡಬಾರದು. ಕಣಗಳ ಗಾತ್ರ ಅಳೆಯುವ ಹೈಡ್ರೊಮೀಟರ್ ಪರೀಕ್ಷೆಗೂ ಮೊದಲು ಉಪ್ಪು ತೊಳೆದು, ಲೀಟರಿಗೆ 33 ಗ್ರಾಂ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್, 7 ಗ್ರಾಂ ಸೋಡಿಯಂ ಕಾರ್ಬೊನೇಟ್ ಇರುವ ದ್ರಾವಣ 100 ಮಿ.ಲೀ. ಹಾಕಿದ್ದಾರೆಯೇ ವಿಚಾರಿಸಿ. ಇಲ್ಲವಾದರೆ ಅಂಟಿಕೊಂಡ ಜೇಡಿ ಉಂಡೆಗಳು ಹೂಳಿನಂತೆ ಬೇಗ ಇಳಿದು, ವರದಿಯಲ್ಲಿ ಜೇಡಿಯ ಪಾಲು ಕಡಿಮೆ ಕಾಣುತ್ತದೆ.

ಹಂತ 6: ಮದ್ದು

ಮೊದಲು ಜಾಗ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆಯೊಳಗೆ ಬರುತ್ತದೆಯೇ ಖಾತ್ರಿ ಮಾಡಿಕೊಳ್ಳಿ. ಬಂದರೆ ಮುಂದಿನದು ಬೇಕಿಲ್ಲ. ಆ ನೆಲ ಭತ್ತ-ಮೀನಿಗೆ ಇದ್ದದ್ದು, ಇರಲಿ.

ಮೃದು ಜೇಡಿಗೆ ನಂಬಿಕೆಯ ಮದ್ದು ಭಾರ ಹೇರಿ ಕಾಯುವುದು. ಮನೆಯ ತೂಕಕ್ಕಿಂತ ಸ್ವಲ್ಪ ಹೆಚ್ಚು ಮಣ್ಣು ಹೇರಿ, ಕೂತ ಮೇಲೆ ಹೆಚ್ಚಿನದನ್ನು ತೆಗೆಯಬೇಕು. ಮೇಲೆ ಹೇಳಿದ ಜೇಡಿಯಲ್ಲಿ ಒಂದು ಮೀಟರಿಗೊಂದರಂತೆ ಪ್ಲಾಸ್ಟಿಕ್ ಬಸಿಪಟ್ಟಿ ಇಳಿಸಿದರೆ 13 ವರ್ಷದ ಕೆಲಸ ಸುಮಾರು ಎಂಟು ತಿಂಗಳಿಗೆ ಬರುತ್ತದೆ. ಕಾಯಲು ಆಗದವರು ಪೈಲ್ (ಆಳದ ಗಟ್ಟಿ ನೆಲಕ್ಕೆ ಇಳಿಸುವ ಕಂಬ) ಹಾಕುತ್ತಾರೆ. ಆಗ ಕೂರುತ್ತಿರುವ ಜೇಡಿ ಪೈಲನ್ನೇ ಕೆಳಗೆ ಎಳೆಯುತ್ತದೆ. ಆ ಭಾರವನ್ನೂ ವಿನ್ಯಾಸದಲ್ಲಿ ಸೇರಿಸಲು ಹೇಳಿ.

ಸುಣ್ಣ ರಸ್ತೆಯ ತಳಕ್ಕೆ, ಅಂಗಳಕ್ಕೆ, ಮೇಲಿನ ಅರ್ಧ ಮೀಟರಿಗೆ ಒಳ್ಳೆಯದು. ಪ್ರಮಾಣ ಹೀಗೆ ಹುಡುಕಿ: 25 ಗ್ರಾಂ ಒಣ ಮಣ್ಣಿನ ಐದು ಬಾಟಲಿಗೆ ಶೇ. 2, 3, 4, 5, 6 ಅರಳಿದ ಸುಣ್ಣ, ತಲಾ 100 ಮಿ.ಲೀ. ಡಿಸ್ಟಿಲ್ಡ್ ನೀರು; ಒಂದು ಗಂಟೆ ಆಗಾಗ ಕುಲುಕಿ ಪಿಎಚ್ ನೋಡಿ. 12.4 ಮುಟ್ಟಿದ ಮೊದಲ ಬಾಟಲಿಯ ಪ್ರಮಾಣವೇ ಕನಿಷ್ಠ ಬೇಕಾದದ್ದು. ಒಂದು ಘನ ಮೀಟರ್ ಗಜನಿ ಜೇಡಿಯಲ್ಲಿ ಒಣತೂಕ 850 ಕಿಲೊ ಮಾತ್ರ, ಆದ್ದರಿಂದ ಶೇ. 5 ಎಂದರೆ 42 ಕಿಲೊ ಸುಣ್ಣ. ಚಿಪ್ಪಿನ ಸುಣ್ಣವೂ ಆಗುತ್ತದೆ, ಹೊಸದಾಗಿ ಅರಳಿಸಿದ್ದಿರಬೇಕು. ಗಾಳಿಗೆ ಬಿಟ್ಟ ಹಳೆಯ ಸುಣ್ಣ ಮತ್ತೆ ಕಲ್ಲಾಗಿರುತ್ತದೆ. ಮೊಟ್ಟೆ ವಾಸನೆಯ ಕೆಸರಿಗೆ ಸಲ್ಫೇಟ್ ಪರೀಕ್ಷೆ ಮಾಡಿಸದೆ ಸುಣ್ಣ ಬೇಡ. ಸಲ್ಫೇಟ್, ಸುಣ್ಣ, ಜೇಡಿಯ ಅಲ್ಯುಮಿನಾ ಸೇರಿ ಎಟ್ರಿಂಜೈಟ್ ಎಂಬ ಹರಳು ಬೆಳೆದು, ಮದ್ದು ಹಾಕಿದ ನೆಲವೇ ಉಬ್ಬಿ ಒಡೆಯುತ್ತದೆ. ಇದೇ ಕಾರಣಕ್ಕೆ ಸುಣ್ಣ ಹಾಕಿದ ಜಾಗಕ್ಕೆ ಜಿಪ್ಸಂ ಬೆರೆಸಬೇಡಿ.

ಮುಂಡಗೋಡದ ಆಚೆ ಎರೆಮಣ್ಣಿನಲ್ಲಿ ಕಟ್ಟುವವರಿಗೆ ನಮ್ಮ ಕಡೆಯ ಕೆಂಪು ಮಣ್ಣೇ ಮದ್ದು. ಅಂಟುಗುಣವಿರುವ ಆದರೆ ಉಬ್ಬದ ಮಣ್ಣಿನ ಸುಮಾರು 1 ಮೀ. ದಪ್ಪ ಪದರವನ್ನು ದಮ್ಮಸು ಮಾಡಿ ಮೇಲೆ ಹಾಸುವ ಕ್ರಮವನ್ನು ಐಐಟಿ ಬಾಂಬೆಯ ಆರ್. ಕೆ. ಕಟ್ಟಿ ರೂಪಿಸಿದರು. ಮೂರು ಬಾಟಲಿಯಲ್ಲಿ ಅನುಪಾತ 1ಕ್ಕಿಂತ ಕಡಿಮೆ ಬಂದ, ಕೈಯಲ್ಲಿ ಉಂಡೆ ಕಟ್ಟಲು ಬರುವ ಮಣ್ಣನ್ನೇ ಆರಿಸಿ. ಮರಳು ಹಾಸಿದರೆ ನೀರು ನಿಲ್ಲಿಸಿಕೊಂಡು ಕೆಳಗಿನ ಎರೆಗೆ ಉಣಿಸುತ್ತದೆ. ಶೇಡಿಯನ್ನೂ ಬೇಡ ಎನ್ನಿ: ಉಬ್ಬುವುದಿಲ್ಲ ನಿಜ, ಆದರೆ ನೀರು ಕುಡಿದರೆ ಬಲ ಕಳೆದುಕೊಂಡು ಕೊಚ್ಚಿಹೋಗುತ್ತದೆ.

ಹಂತ 7: ಅಳೆಯುತ್ತ ಕಾಯುವುದು

ಭರ್ತಿ ಮಾಡುವ ಮೊದಲೇ ಜೇಡಿಯ ಮೇಲೆ ನಾಲ್ಕು ಮೂಲೆ, ನಡುವೆ ಒಂದು ಎಂದು ಐದು ಕಡೆ 50 ಸೆಂ.ಮೀ. ಚೌಕದ ತಗಡಿಗೆ ಪೈಪು ಬೆಸೆದು ನಿಲ್ಲಿಸಿ. ಪೈಪಿನ ತುದಿ ಭರ್ತಿಯ ಮೇಲೆ ಕಾಣಬೇಕು. ತಿಂಗಳಿಗೊಮ್ಮೆ, ಉಬ್ಬರ-ಇಳಿತದ ಒಂದೇ ಹೊತ್ತಿನಲ್ಲಿ ನೀರು ಲೆವೆಲ್ ಪೈಪಿನಿಂದ ಅಳೆದು ಬರೆಯಿರಿ. ಹೋಲಿಕೆಗೆ ಇಟ್ಟುಕೊಳ್ಳುವ ಗುರುತು ಗುಡ್ಡದ ಚಿರೆಕಲ್ಲು ಬಂಡೆಯ ಮೇಲಿರಲಿ, ದೂರವಿದ್ದರೆ ಡಂಪಿ ಲೆವೆಲ್ ತರಿಸಿ. ಪಕ್ಕದ ಮನೆಯ ಕಾಂಪೌಂಡಿಗೆ ಗೆರೆ ಹಾಕಿ ಅಳೆದರೆ ಅದೂ ಅದೇ ಜೇಡಿಯ ಮೇಲೆ ಇಳಿಯುತ್ತಿರುತ್ತದೆ, ನಿಮ್ಮ ನೆಲ ನಿಂತಂತೆ ತೋರುತ್ತದೆ. ಐದೂ ಕಡೆ ಮಳೆಗಾಲ ಕಳೆದ ಮೇಲೂ ಸತತ ಮೂರು ತಿಂಗಳು ತಿಂಗಳಿಗೆ 2 ಮಿ.ಮೀ.ಗಿಂತ ಕಡಿಮೆ ಇಳಿದಿದ್ದರೆ, ಮತ್ತು ಒಟ್ಟು ಇಳಿತ ಲೆಕ್ಕ ಹಾಕಿದ್ದರ ಶೇ. 90ಕ್ಕೆ ಬಂದಿದ್ದರೆ, ಪಾಯದ ಗೆರೆ ಹಾಕಬಹುದು.